ಗೋಡೆಯ ಪಾಲು

"ಹಗಲೆಲ್ಲ ಮಿಶಿನ್ ತುಳಿ, ನಾನು ಕೇಳಲ್ಲ. ರೇಡಿಯೋ ಜೋರಾಗಿ ಹಾಕ್ಕೊ, ಅದೂ ಕೇಳಲ್ಲ. ಆ ಗೋಡೇಲಿರೋ ಇಲಿಗಳ ತಂಟೆಗೆ ಮಾತ್ರ ಹೋಗ್ಬೇಡ ಟೈಲ್ರಪ್ಪ."

ಮನೆಯ ಬೀಗದಕೈ ಕೊಡುವಾಗ ಓನರ್ ಮುನಿಶಾಮಮ್ಮ ಹೇಳಿದ್ದು ಇಷ್ಟೇ. ದುರ್ಗೇಶ ನಕ್ಕ.

"ಗಣಪತಿ ಗಾಡಿ ನಿಲ್ಸೋ ಸ್ಟ್ಯಾಂಡೇನ್ರೀ ಅವ್ವಾ ಇದು? ಒಂದು ಬೋರ್ಡ್ ಹಾಕ್ಸೂಣು ಬಿಡ್ರಿ."

ಮುದುಕಿ ನಗಲಿಲ್ಲ. "ಮಧ್ಯಾಹ್ನ ಫ್ಯಾಕ್ಟರಿ ಸೈರನ್ ಕೂಗಿದ ತಕ್ಷಣ ಬರ್ತೀನಿ. ಬಿಲದ ಮುಂದೆ ಒಂದು ತುತ್ತು ಇಟ್ಟು ಹೋಗ್ತೀನಿ. ಬಾಗ್ಲು ತೆಗೆದಿಟ್ಟಿರು."

ಅದು ತೊಂಬತ್ತೆಂಟನೇ ಇಸವಿ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದೆ, ಮುನಿಶಾಮಮ್ಮನ ಮನೆಯವರು ರಾಗಿ ಬೆಳೆದಿದ್ದ ಹೊಲಗಳಲ್ಲಿ ಈಗ ಮೂರಂತಸ್ತಿನ ಮನೆಗಳು ಬೆಳೆದಿದ್ದವು. ಅವುಗಳ ನಡುವೆ ಈ ಒಂದು ಮಣ್ಣುಗೋಡೆಯ ಮನೆ ಮಾತ್ರ ಯಾರೂ ಕೊಯ್ಯದೆ ಬಿಟ್ಟ ಪೈರಿನಂತೆ ನಿಂತಿತ್ತು. ಎರಡೇ ಕೋಣೆ. ಒಳಕೋಣೆಗೆ ಕಿಟಕಿಯಿಲ್ಲ. ಹಗಲಲ್ಲೂ ಬಲ್ಬು ಬೇಕು. ಮಿಶಿನ್ ಎಣ್ಣೆ, ಹೊಸ ಬಟ್ಟೆಯ ಗಂಜಿ, ಇಲಿ ಉಚ್ಚೆ, ಮೂರೂ ಸೇರಿ ಒಂದೇ ವಾಸನೆಯಾಗಿ ಗೋಡೆಗೆ ಅಂಟಿಕೊಂಡಿತ್ತು. ಲಿಂಗಸುಗೂರಿನಿಂದ ಬಂದ ಲೇಡೀಸ್ ಟೈಲರ್ ದುರ್ಗೇಶ, ಅವನ ಹೆಂಡತಿ ರಾಜೇಶ್ವರಿ, ಅಜ್ಜಿಯ ಹೆಸರು ಹೊತ್ತ ಎಂಟು ತಿಂಗಳ ಕೂಸು ಜಟ್ಟೆಮ್ಮ, ಈ ಮೂವರು ಆ ಮನೆಗೆ ಬಂದರು. ಇಲಿಗಳು ಮೊದಲೇ ಇದ್ದವು.

ಗೋಡೆಯೊಳಗೆ ಕರಕರ ಸದ್ದು ನಿಲ್ಲುತ್ತಿರಲಿಲ್ಲ. ಮೊದಲ ವಾರ ಇಲಿಗಳು ದಾರದುಂಡೆ ತಿಂದವು. ಎರಡನೇ ವಾರ ಲೈನಿಂಗ್ ಬಟ್ಟೆ. ಮೂರನೇ ವಾರ, ಪಕ್ಕದ ಬೀದಿಯ ಧನಲಕ್ಷ್ಮಿಯ ಮುಹೂರ್ತದ ರೇಷ್ಮೆ ಬ್ಲೌಸನ್ನು ಯಾರೂ ಕೇಳದೆಯೇ ಸ್ಲೀವ್‌ಲೆಸ್ ಮಾಡಿಟ್ಟಿದ್ದವು.

"ಅವ್ವ ಬ್ಯಾಡ ಅಂದಾರ್ರಿ," ಅಂದಳು ರಾಜೇಶ್ವರಿ.

"ಅವ್ವ ಬಂದು ತೋಳು ಹಚ್ಚಿ ಕೊಡ್ತಾಳೇನು? ಗಿರಾಕಿ ಬೈಯೋದು ನನಗ."

ದುರ್ಗೇಶ ಬೋನು ಇಟ್ಟ. ಮಧ್ಯಾಹ್ನಕ್ಕೆ ಒಂದು ಬಿತ್ತು. ಕಂಬಿಗೆ ಸಿಕ್ಕಿ ಹಿಂಗಾಲು ಮುರಿದು ತಿರುಚಿಕೊಂಡಿತ್ತು. ಆದರೂ ಅದು ಕಿಚ್ ಎನ್ನಲಿಲ್ಲ. ಮುರಿದ ಕಾಲನ್ನು ತಾನೇ ಮೂಸಿ ನೋಡಿ, ಯಾರದೋ ಎನ್ನುವಂತೆ ಬಿಟ್ಟು, ಬೋನಿನಲ್ಲಿದ್ದ ವಡೆ ತಿನ್ನುತ್ತ ಕುಳಿತಿತ್ತು.

"ಬೆಂಗಳೂರು ಇಲಿ. ಮಾತು ಕಡಿಮಿ," ಅಂದ ದುರ್ಗೇಶ. ಬಕೆಟ್ ನೀರಿನಲ್ಲಿ ಮುಳುಗಿಸಿದ. ಅದು ಒದ್ದಾಡಲೂ ಇಲ್ಲ.

ಒಂದೊಂದಾಗಿ ಹಿಡಿಯುತ್ತ ಕೂತರೆ ಹೊಲಿಗೆ ಯಾರು ಹಾಕಬೇಕು? ಮಾರ್ಕೆಟ್ಟಿನಿಂದ ಪಾಷಾಣದ ಟ್ಯೂಬು ತಂದ. ಬಿಸ್ಕತ್ತಿಗೆ ಹಚ್ಚಿಟ್ಟರೆ ಮುಟ್ಟಲಿಲ್ಲ, ಟೊಮೆಟೊಗೆ ಹಚ್ಚಿಟ್ಟರೂ ಇಲ್ಲ. ಒಂದು ಬೋನಿಗೆ ಬಿದ್ದ ಮೇಲೆ ಅವು ನಂಬಿ ತಿನ್ನುತ್ತಿದ್ದ ಅನ್ನ ಒಂದೇ, ಮುನಿಶಾಮಮ್ಮನ ಕೈತುತ್ತು. ಸೈರನ್ ಕೂಗುತ್ತಿದ್ದಂತೆ ಅವಳು ಬರುತ್ತಿದ್ದಳು. ಎಲೆಚೂರಿನ ಮೇಲೆ ಒಂದು ತುತ್ತು ಮುದ್ದೆ ಇಟ್ಟು, ತಿರುಗಿ ನೋಡದೆ ಹೋಗುತ್ತಿದ್ದಳು. ಆ ದಿನ ಅವಳು ಹೊಸಿಲು ದಾಟಿದ ಮೇಲೆ ದುರ್ಗೇಶ ಕತ್ತರಿಯ ತುದಿಯಿಂದ ಮುದ್ದೆಯನ್ನು ಬಿಡಿಸಿ, ಒಳಗೆ ಪಾಷಾಣ ತುಂಬಿ, ಮತ್ತೆ ಗುಂಡಗೆ ಮಾಡಿಟ್ಟ. ಅಂಚು ಮಡಚಿ ಹೊಲಿದಷ್ಟು ನೀಟಾಗಿ.

ಮೂರು ದಿನ ಹೀಗೆಯೇ ಮಾಡಿದ. ನಾಲ್ಕನೇ ದಿನ ಗೋಡೆ ಸುಮ್ಮನಾಯಿತು. ಬಿಲಕ್ಕೆ ಒಡೆದ ಟ್ಯೂಬ್‌ಲೈಟಿನ ಚೂರು ತುರುಕಿ, ಮೇಲೆ ಸಿಮೆಂಟು ಬಳಿದ.

ಸೈರನ್ ಕೂಗಿತು. ಮುನಿಶಾಮಮ್ಮ ತುತ್ತು ಹಿಡಿದು ಬಂದವಳು ಹಸಿ ಸಿಮೆಂಟಿನ ಮುಂದೆ ನಿಂತಳು.

"ಏನು ಹಾಕ್ದೆ?"

"ಔಷಧ ಹಾಕೀನ್ರಿ."

"ಯಾವುದ್ರಲ್ಲಿ?"

ದುರ್ಗೇಶನ ಕಣ್ಣು ಅವಳ ಕೈಯಲ್ಲಿದ್ದ ಮುದ್ದೆಯ ಮೇಲೆ ಹೋಯಿತು. ಅವಳೂ ನೋಡಿದಳು.

"ನನ್ನ ಕೈಲೇ ಹಾಕಿಸ್ದೆ," ಅಂದಳು. ಬೈಯಲಿಲ್ಲ. ತುತ್ತನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದಳು.

ಸತ್ತ ಇಲಿಯ ವಾಸನೆ ಒಂದು ವಾರ ಇತ್ತು. ಅದು ಹೋಗುವ ಹೊತ್ತಿಗೆ ದುರ್ಗೇಶನ ಬೆರಳ ತುದಿಗಳೂ ಹೋಗಿದ್ದವು. ಬೆರಳು ಇದ್ದವು, ತುದಿಯಲ್ಲಿ ಏನೂ ಇರಲಿಲ್ಲ. ರೇಷ್ಮೆಯೂ ಒಂದೇ, ಗೋಣಿಯೂ ಒಂದೇ. ಕೂತು ಕೂತು ಜೋಮು ಹಿಡಿದಿದೆ ಅಂದುಕೊಂಡ. ಒಂದು ಮಧ್ಯಾಹ್ನ ಹೊಲಿದ ಬ್ಲೌಸನ್ನು ಮಿಶಿನ್ನಿಂದ ಎಳೆದರೆ ಬರಲಿಲ್ಲ. ಬಗ್ಗಿ ನೋಡಿದ. ಬ್ಲೌಸಿನ ಜೊತೆ ತೋರುಬೆರಳೂ ಹೊಲಿಗೆಯಾಗಿತ್ತು. ಉಗುರಿನ ಆಚೆ ನಾಲ್ಕು, ಈಚೆ ನಾಲ್ಕು, ಸಮನಾದ ಹೊಲಿಗೆ. ಒಳ್ಳೆಯ ಕೆಲಸ. ಹಳದಿ ಬಟ್ಟೆ ಕೆಂಪಾಗುತ್ತಿತ್ತು. ನೋವಿರಲಿಲ್ಲ. ಕತ್ತರಿ ತಗೊಂಡು ದಾರ ಬಿಡಿಸಿಕೊಂಡ.

ಡಾಕ್ಟರು ನರದ ವೀಕ್ನೆಸ್ ಅಂದು ಕೆಂಪು ಗುಳಿಗೆ ಕೊಟ್ಟರು. ಮರುದಿನ ಅಡುಗೆ ಮಾಡುವ ಮೂಲೆಯಿಂದ ಸುಟ್ಟ ವಾಸನೆ ಬಂತು. ರಾಜೇಶ್ವರಿ ಕಾದ ಹಂಚಿನ ಮೇಲೆ ಅಂಗೈ ಊರಿಕೊಂಡು ಪಕ್ಕದ ಮನೆಯವಳೊಂದಿಗೆ ಮಾತಾಡುತ್ತ ನಿಂತಿದ್ದಳು.

ಕೂಸಿಗೆ ಒಂಬತ್ತು ತಿಂಗಳು ತುಂಬಿತು. ಚುಚ್ಚುಮದ್ದಿಗೆ ಹೆಲ್ತ್ ಸೆಂಟರಿಗೆ ಕರೆದುಕೊಂಡು ಹೋದರು. ಸಾಲಿನಲ್ಲಿದ್ದ ಮಕ್ಕಳೆಲ್ಲ ಸೂಜಿ ಕಂಡೇ ಚೀರುತ್ತಿದ್ದವು. ಜಟ್ಟೆಮ್ಮನ ತೋಳಿಗೆ ಸೂಜಿ ಹೋಯಿತು, ಬಂತು. ಅವಳು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದಳು.

"ಎಷ್ಟು ಗುಡ್ ಬೇಬಿ," ಅಂದಳು ನರ್ಸು. "ಇಂಥ ಮಕ್ಕಳೇ ಬೇಕು ನಮಗೆ."

ದುರ್ಗೇಶ ಮಗುವಿನ ತೊಡೆ ಚಿವುಟಿದ. ಇನ್ನೂ ಜೋರಾಗಿ ಚಿವುಟಿದ. ಚರ್ಮ ಕೆಂಪಾಯಿತು, ನೀಲಿಯಾಯಿತು. ಜಟ್ಟೆಮ್ಮ ಅವನ ಅಂಗಿಯ ಗುಂಡಿಯ ಜೊತೆ ಆಡುತ್ತಿದ್ದಳು. ಆ ದಿನದಿಂದ ಅವಳು ಹಾಲನ್ನೂ ಬಿಟ್ಟಳು. ಹಸಿವೂ ಒಂದು ನೋವು ತಾನೆ; ಅವಳಿಗೆ ಅದೂ ಇರಲಿಲ್ಲ. ಬಾಯಿಗೆ ಬಿಟ್ಟ ಹಾಲು ಕಟಬಾಯಿಂದ ಇಳಿದು ಕತ್ತಿಗೆ ಹೋಗುತ್ತಿತ್ತು. ಎರಡನೇ ದಿನಕ್ಕೆ ನೆತ್ತಿ ಗುಳಿಬಿತ್ತು.

ದುರ್ಗೇಶ ಹೋಗಿ ಮುನಿಶಾಮಮ್ಮನ ಬಾಗಿಲಲ್ಲಿ ಕುಳಿತ.

"ನಮ್ಮ ಮಾವನ ಕಾಲದಲ್ಲಿ ಹೊಲ ಭಾಗ ಆಗೋವಾಗ ದಾಯಾದಿಗಳು ಮಾಡ್ಸಿದ್ದ ಮಾಟ ಇದು," ಅಂದಳು ಅವಳು, ಹುರುಳಿ ಆರಿಸುತ್ತ. "ಆ ಗೋಡೇಲಿ ಮಡಕೆ ಇಟ್ಟವ್ರೆ. ಮನೇಲಿರೋರ ನೋವು, ನಲಿವು ಎಲ್ಲ ತಿನ್ನುತ್ತೆ ಅದು. ನಮ್ಮ ಮಾವ ಉರಿಯೋ ಒಲೇಲಿ ಕಾಲಿಟ್ಕೊಂಡು ಬೀಡಿ ಸೇದ್ತಾ ಕೂತಿದ್ದನಂತೆ. ಕೀಳೋಕಾಗಲ್ಲ ಅಂದ ಮಂತ್ರವಾದಿ ಅದನ್ನ ಇಲಿಗಳ ಮೇಲೆ ತಿರುಗಿಸ್ದ. ಇಲಿ ನಮ್ಮ ತುತ್ತು ತಿನ್ನೋದು, ಅದು ಇಲೀನ ತಿನ್ನೋದು. ಅರವತ್ತು ವರ್ಷ ಹಂಗೇ ನಡೀತು."

"ಮನಿ ಬಿಟ್ಟು ಹೋಗ್ತೀವ್ರಿ."

"ಹೋಗು. ಕೊಂದೋನ ಹಿಂದೆ ಅದೂ ಬರುತ್ತೆ."

"ಬ್ಯಾರೆ ಇಲಿ ತಂದು ಬಿಟ್ರ?"

"ಅಲ್ಲೇ ಹುಟ್ಟಿ, ಆ ತುತ್ತು ತಿಂದೇ ಬೆಳೆದಿರ್ಬೇಕು." ಅವಳು ಒಂದು ಕಲ್ಲು ಆರಿಸಿ ಬಿಸಾಡಿದಳು. "ಇಲಿಗಳ ಜಾಗ ಖಾಲಿ ಐತೆ. ತಾನಾಗಿ ಮಡಕೆಗೆ ಕೈ ಕೊಟ್ಟೋನು ಒಬ್ಬ ಸಿಕ್ರೆ ಅದಕ್ಕೆ ಸಾಕು. ಉಳಿದೋರನ್ನ ಬಿಡುತ್ತೆ."

"ಕೈ ಹೋಗ್ತೈತೇನ್ರಿ?"

"ಕೈ ಒಂದೇ ಆದ್ರೆ ನಾನು ಅವತ್ತೇ ಹೇಳ್ತಿದ್ದೆ."

ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಗಿತ್ತು. ಒಳಕೋಣೆ ಕಪ್ಪಾಗಿತ್ತು. ದುರ್ಗೇಶ ಸುತ್ತಿಗೆ, ಉಳಿ ತಗೊಂಡ. ಸಿಮೆಂಟು ಒಡೆದ. ಗಾಜಿನ ಚೂರುಗಳನ್ನು ಬರಿಗೈಯಲ್ಲಿ ಬಾಚಿ ತೆಗೆದ. ಕೈ ಒದ್ದೆಯಾದದ್ದು ಕಂಡಿತು, ತಿಳಿಯಲಿಲ್ಲ. ಮಣ್ಣು ಉದುರಿತು. ಬೆಂಕಿಕಡ್ಡಿ ಗೀರಿದ.

ಗೋಡೆಯ ಹೊಟ್ಟೆಯಲ್ಲಿ ಒಂದು ಕರಿ ಮಡಕೆ. ಅದರ ಸುತ್ತ ಇಲಿಗಳು. ಒಣಗಿದ್ದವು. ಒಂದೂ ಮಗ್ಗುಲಾಗಿರಲಿಲ್ಲ. ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ ಸುತ್ತ ಕುಳಿತು ಸತ್ತಿದ್ದವು. ಎಲ್ಲವುಗಳ ಮೂತಿ ಮಡಕೆಯ ಕಡೆಗೆ. ಕಡ್ಡಿ ಆರಿತು. ಅವನ ಬೆರಳು ಸುಟ್ಟು ಆರಿತು.

ಹೊರಕೋಣೆಯಲ್ಲಿ ರಾಜೇಶ್ವರಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೂಸಿನ ಉಸಿರು ಕೇಳುತ್ತಿತ್ತು. ಸಣ್ಣಗೆ. ಬಿಟ್ಟು ಬಿಟ್ಟು.

ಅವನು ಬಲಗೈ ಒಳಗಿಟ್ಟ. ಮೊಣಕೈವರೆಗೆ. ಮಡಕೆಯ ಬಾಯಿ ಕಿರಿದಾಗಿತ್ತು. ಕೈ ಇಳಿಯಿತು. ಇನ್ನೂ ಇಳಿಯಿತು. ಮಡಕೆಗೆ ಅಷ್ಟು ಆಳವಿರಲಿಲ್ಲ. ಕರಕರ ಅಂತು. ಒಳಗೆ ಇಲಿ ಇರಲಿಲ್ಲ. ಕರಕರ. ಸದ್ದು ಮಣಿಕಟ್ಟಿಗೆ ಬಂತು. ತೋಳಿಗೆ ಬಂತು. ಭುಜಕ್ಕೆ. ಹೆದರಿಕೆಯಾಯಿತು. ಕೈ ಎಳೆದುಕೊಳ್ಳಬೇಕು ಅನ್ನಿಸಿತು. ಎಳೆಯಲಿಲ್ಲ. ಸದ್ದು ಎದೆಗೆ ಬಂತು. ಹೆದರಿಕೆ ಕಡಿಮೆಯಾಯಿತು. ಇನ್ನೂ ಕಡಿಮೆಯಾಯಿತು. ಹೋಯಿತು.

ಸದ್ದು ನಿಂತಿತು.

ಹೊರಗೆ ಜಟ್ಟೆಮ್ಮ ಚೀರಿದಳು. ಓಣಿಯ ನಾಯಿ ಎದ್ದು ಬೊಗಳುವಂತೆ ಚೀರಿದಳು. ರಾಜೇಶ್ವರಿ ಸುಟ್ಟ ಅಂಗೈಯ ಉರಿಗೆ ನರಳುತ್ತ, ಅಳುತ್ತ, ನಗುತ್ತ ಓಡಿಬಂದಳು.

"ಅಳಾಕತ್ತಾಳ ನೋಡ್ರೀ. ನನ್ನ ಸೀರಿ ಹಿಡದು ಜಗ್ತಾಳ, ಹಾಲು ಬೇಕಂತ. ನೋಡ್ರೀ ನಿಮ್ಮ ಮಗಳ್ನ."

ಅವನು ಮಡಕೆಯಿಂದ ಕೈ ತೆಗೆದು, ಬೆಳಕಿದ್ದ ಹೊಸಿಲಿಗೆ ಬಂದು ಕೂತ. ಅವಳು ಕೂಸನ್ನು ಅವನ ತೊಡೆಯ ಮೇಲೆ ಹಾಕಿದಳು. ದುರ್ಗೇಶ ನೋಡಿದ. ಕೆಂಪು ಮುಖ, ತೆರೆದ ಬಾಯಿ, ಎರಡು ಹಲ್ಲು. ಇವಳ ಹೆಸರು ಗೊತ್ತಿತ್ತು. ಇವಳು ತನ್ನ ಮಗಳೆಂಬುದು ಗೊತ್ತಿತ್ತು. ಇಂಥ ಹೊತ್ತಿನಲ್ಲಿ ಅಪ್ಪ ಎನ್ನುವವನು ಮಗುವನ್ನು ಎದೆಗೆ ಒತ್ತಿಕೊಳ್ಳುತ್ತಾನೆ ಎಂಬುದೂ ಗೊತ್ತಿತ್ತು. ಒಳಗೆ ಎಲ್ಲಾದರೂ ಅದು ಇದೆಯೇನೋ ಎಂದು ಸ್ವಲ್ಪ ಹೊತ್ತು ಹುಡುಕಿದ. ಹುಡುಕಿ ಸಿಗದಿದ್ದಕ್ಕೆ ಬೇಸರವೂ ಆಗಲಿಲ್ಲ.

"ಹೊರಗ ಕರ್ಕೊಂಡು ಹೋಗು," ಅಂದ. "ಗದ್ದಲ ಆಗ್ತೈತಿ."

ರಾಜೇಶ್ವರಿ ಅವನ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಮಗುವನ್ನು ಎತ್ತಿಕೊಂಡು ಹಿಂದೆ ಸರಿದಳು.