ಉಪ್ಪಾದ ತಾಯಿ, ಅಚ್ಚಿನ ದೋಣಿ

ಕೇಳಿ ಮಕ್ಕಳೇ, ಬಲು ಹಿಂದೆ ಕಡಲಿನಾಚೆ ಶಂಖದ್ವೀಪ ಅಂತ ಒಂದು ರಾಜ್ಯವಿತ್ತು. ಕ್ರಿಸ್ಮಸ್ ಬಂತೆಂದರೆ ಅಲ್ಲಿನವರು ಚಿತ್ತಾರದ ಕಾಗದ ಕತ್ತರಿಸಿ, ಮರದ ಅಚ್ಚಿಗೆ ಬಣ್ಣ ಬಳಿದು ಒತ್ತಿ, ಕಾರ್ಡು ಮಾಡಿ ಹಂಚುವರು. ಕಾರ್ಡು ಬಿಡಿಸಿದರೆ ಅಚ್ಚಿನ ಚಿತ್ರಕ್ಕೆ ಜೀವ ಬರುವುದು. ಹಕ್ಕಿ ಒತ್ತಿದ್ದರೆ ಹಾಡುವುದು, ಬಣ್ಣ ಆರುವ ತನಕ.

ಆದರೆ ಸಾವಾದ ಮನೆಗೆ ಆ ವರ್ಷ ಯಾರೂ ಕಾರ್ಡು ಕೊಡರು. “ಪಾಪ, ಅವರಿಗ್ಯಾಕೆ ಹಬ್ಬ?” ಎಂದು ತಲೆ ತಗ್ಗಿಸಿ ದಾಟಿಹೋಗುವರು.

ಕಾರ್ಮಿನ್ ಎಂಬ ಹುಡುಗಿಯ ಅಪ್ಪ ಲಿಗೋರಿ ಮೀನಿಗೆ ಹೋಗಿ ಕಡಲಪಾಲಾದ. ತಾಯಿ ನತಾಲಿನಾ ಒಂದು ಹನಿ ಕಣ್ಣೀರು ಹಾಕಲಿಲ್ಲ. ಹಬ್ಬದ ಬೆಳಿಗ್ಗೆ ಆ ಮನೆಗೆ ಬಂದವಳು ಒಬ್ಬಳೇ, ಮಾಟಗಾತಿ ಉಪ್ಪುಗಣ್ಣಿ. ಜನ ಅಳದೆ ನುಂಗಿದ ಕಣ್ಣೀರೇ ಅವಳಿಗೆ ಊಟ. ಅಂಥ ಎಷ್ಟೋ ಜನರನ್ನು ಅವಳು ಆಗಲೇ ಉಪ್ಪಾಗಿಸಿದ್ದಳು. ಉಫ್ ಎಂದು ಊದಿದಳು, ತಾಯಿ ಕೂತಲ್ಲೇ ಉಪ್ಪಿನ ಗೊಂಬೆಯಾದಳು.

“ನನ್ನ ಅಮ್ಮನನ್ನು ಬಿಡು!”

“ಈ ಗೊಂಬೆಯ ಕಣ್ಣಲ್ಲಿ ಒಂದು ಹನಿ ತರಿಸು, ಬಿಡ್ತೇನೆ. ನನ್ನ ಮೇಕೆ ನೆಕ್ಕಿ ಮುಗಿಸೋದರೊಳಗೆ.”

ಮಾಯದ ಮೇಕೆ ತಾಯಿಯ ಕೈ ನೆಕ್ಕತೊಡಗಿತು.

ಕಾರ್ಮಿನ್ ಗಡಬಡಿಸಿ ನಕ್ಷತ್ರದ ಅಚ್ಚು ಒತ್ತಿದಳು. ನಕ್ಷತ್ರ ಎದ್ದು ಜಂತಿಯ ತನಕ ಬೆಳಗಿತು. ತಾಯಿ ನೋಡಲಿಲ್ಲ. ಮೇಕೆ ಕಾರ್ಡನ್ನು ಅಗಿದು, “ಬಣ್ಣ ಒಂಚೂರು ಕಹಿ” ಅಂದಿತು.

ಗಂಟೆಯ ಅಚ್ಚು ಒತ್ತಿದಳು. ಗಂಟೆ ಢಣಢಣ ಬಾರಿಸಿತು. ತಾಯಿ ಕೇಳಲಿಲ್ಲ. “ಕಾಗದಕ್ಕಿಂತ ನಿಮ್ಮಮ್ಮನೇ ರುಚಿ ಕಣೇ” ಅಂದಿತು ಮೇಕೆ. ಆಗಲೇ ತಾಯಿಯ ಕಿರುಬೆರಳು ಕರಗಿಹೋಗಿತ್ತು.

ಪಕ್ಕದ ಮನೆಯ ಪೆದ್ರು ಮಾಮ ಕಿಟಕಿಯಿಂದಲೇ ಪಿಸುಗುಟ್ಟಿದ: “ಮಗಾ, ಸತ್ತವನ ನೆನಪು ಮಾತ್ರ ತೆಗೀಬೇಡ. ಒಂದು ಹೂವು ಒತ್ತು.”

“ಹೂವು ನೋಡಿ ಯಾರು ಅತ್ತಾರು ಮಾಮ?”

ಹುಡುಗಿ ಹೊಸ ಮರದ ತುಂಡು ತೆಗೆದುಕೊಂಡಳು. ಕಡೆಯ ಸಲ ಕಂಡಂತೆಯೇ, ಮೂತಿ ಕಡಲಿಗೆ ಮಾಡಿ ಹೊರಟ ದೋಣಿಯನ್ನೂ ಅದರಲ್ಲಿ ಕೂತ ಅಪ್ಪನನ್ನೂ ಕೆತ್ತಿದಳು. ಅಚ್ಚನ್ನು ಎಡಬಲ ತಿರುವಿ ಕೆತ್ತಬೇಕು, ಕಾಗದದ ಮೇಲೆ ಅದು ಮತ್ತೆ ತಿರುಗುತ್ತದೆ. ಕಣ್ಣು ಮಂಜಾದವಳಿಗೆ ಅದು ಮರೆತೇಹೋಯಿತು. ಅಲೆ, ದಡಗಳ ಚಿತ್ತಾರದ ಕಾಗದದ ಮೇಲೆ ಒತ್ತಿ ನೋಡುತ್ತಾಳೆ, ದೋಣಿಯ ಮೂತಿ ದಡದ ಕಡೆಗಿದೆ!

“ಅಯ್ಯೋ, ತಪ್ಪಿಹೋಯ್ತು!”

ಇನ್ನೊಂದು ಕೆತ್ತಲು ಹೊತ್ತೆಲ್ಲಿ? ಹಾಗೆಯೇ ಬಿಡಿಸಿ ಹಿಡಿದಳು.

ಕಾಗದದ ಅಲೆ ಸೀಳಿ ದೋಣಿ ದಡಕ್ಕೆ ಬಂತು. ಹೆಬ್ಬೆರಳಿನಷ್ಟು ಎತ್ತರದ ಲಿಗೋರಿ ಇಳಿದ, ಮೈಯೆಲ್ಲ ತೊಯ್ದಿತ್ತು.

“ನತಾಲಿನಾ, ಗಂಜಿ ಉಳಿದಿದೆಯಾ? ತಡವಾಯ್ತು ಕಣೇ.”

ಉಪ್ಪಿನ ತುಟಿ ಅಲುಗಿತು. “ಎಷ್ಟು ಕಾಯಿಸ್ತೀರಿ ನನ್ನ...” ಎಂದವಳೇ ಗೋಳೋ ಎಂದು ಅತ್ತಳು. ಅತ್ತಷ್ಟೂ ಉಪ್ಪು ಕರಗಿತು, ಒಳಗಿನ ಜೀವ ಹೊರಬಂತು. ಕಣ್ಣೀರು ಹರಿದು ಕಾಲಿಗೆ ತಾಕಿದ್ದೇ ಉಪ್ಪುಗಣ್ಣಿಯೂ ಕರಗಿಹೋದಳು. ಮೇಕೆ ಬರೀ ಮೇಕೆಯಾಗಿ ಮ್ಯಾ ಅಂದಿತು.

ಅಷ್ಟರಲ್ಲಿ ಬಣ್ಣ ಆರಿತು. ನತಾಲಿನಾ ಬೆರಳು ಚಾಚುವಷ್ಟರಲ್ಲಿ ಲಿಗೋರಿ ಕಾಗದದಲ್ಲಿ ಚಿತ್ರವಾಗಿದ್ದ.

ರಾಜ್ಯದಲ್ಲಿ ಉಪ್ಪಾಗಿದ್ದವರೆಲ್ಲ ಎಚ್ಚತ್ತರು. ಪೆದ್ರು ಮಾಮ ನಾಚಿ ಒಳಗೆ ಬಂದು, ತಾಯಿ ಮಗಳ ನಡುವೆ ಕೂತು ತಾನೂ ಅತ್ತ. ಅಂದಿನಿಂದ ಅಲ್ಲಿ ಮೊದಲ ಕಾರ್ಡು ಸಾವಾದ ಮನೆಗೇ ಹೋಗುವುದು.

ಎಲ್ಲರೂ ಸುಖವಾಗಿದ್ದರು, ನತಾಲಿನಾಳೂ. ಕಳೆದ ಕಿರುಬೆರಳು ಮಾತ್ರ ಬೆಳೆಯಲಿಲ್ಲ. ಪ್ರತಿ ಕ್ರಿಸ್ಮಸ್ಸಿಗೂ ಆಕೆ ಒಂದು ಗಳಿಗೆ ಅಳುವಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಹಬ್ಬದ ತಿಂಡಿಗೆ ಹಿಟ್ಟು ನಾದಲು ಕೂರುವಳು.