‘ರಿ’ ಬಿಟ್ಟ ಮಾತು

ತಟ್ಟೆ ವಾಪಸ್ ಬಂದಾಗ ಧರ್ಮಣ್ಣನ ಮೈಯೆಲ್ಲ ಉರಿದುಹೋಯಿತು. ಯಾರ್ಕ್‌ಶೈರ್ ಪುಡಿಂಗ್ ಅದು, ಹೆಸರಿಗಷ್ಟೇ ಪುಡಿಂಗ್, ತಿನ್ನುವುದು ಮಾಂಸದ ಜೊತೆ. ಒವನ್ನಿನ ಮುಂದೆ ಉಸಿರು ಬಿಗಿಹಿಡಿದು ನಿಂತು, ಬಟ್ಟಲಿನ ಹಾಗೆ ಉಬ್ಬಿಸಿ, ಅಂಚು ಕಂದಿಸಿ ಕಳಿಸಿದ್ದ. ತಿನ್ನುವವರು ಅಂಚನ್ನಷ್ಟೇ ಮುರಿದು ನೋಡಿ ಬಿಟ್ಟಿದ್ದರು.

ತಟ್ಟೆ ಹಿಡಿದು ಬಂದವಳು ಅಂದೇ ಕೆಲಸಕ್ಕೆ ಸೇರಿದ್ದ ಫ್ಲೋರ್ ಮ್ಯಾನೇಜರ್. ಕಪ್ಪು ಕೋಟು, ಮೂಗಿನಲ್ಲಿ ಸಣ್ಣ ಹರಳು, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು. ಪುಡಿಂಗ್ ಅಂದಮೇಲೆ ಸಿಹಿ ಇರಬೇಕಲ್ಲ, ಇದು ಉಪ್ಪುಪ್ಪಾಗಿದೆ ಅನ್ನುತ್ತಾರೆ ಎಂದು ಮರಾಠಿಯಲ್ಲಿ ಹೇಳಿದಳು.

ಧರ್ಮಣ್ಣ ಒಲೆಯ ಕಡೆ ತಿರುಗಿ ಕನ್ನಡದಲ್ಲಿ ಗೊಣಗಿದ. “ತಿನ್ನೋರಿಗೂ ತಲಿ ಇಲ್ಲ, ತಂದಾಕಿಗೂ ತಲಿ ಇಲ್ಲ.”

ನಾಸಿಕದ ಗಂಗಾಪುರ ರೋಡಿನ ಆ ಅಡುಗೆಮನೆಯಲ್ಲಿ ಕನ್ನಡ ತಿಳಿಯುತ್ತಿದ್ದದ್ದು ಪಕ್ಕದ ಒಲೆಯ ಮಹಿಬೂಬನಿಗೆ ಮಾತ್ರ. ಹಾಗಾಗಿ ಧರ್ಮಣ್ಣ ಕೆಲಸಕ್ಕೆ ಮರಾಠಿ, ಬೈಗುಳಕ್ಕೆ ಕನ್ನಡ ಇಟ್ಟುಕೊಂಡಿದ್ದ.

“ತಲಿ ಅದ,” ಅಂದಳು ಅವಳು. “ಕಿವಿ ಭೀ ಅದ. ನನಗ ಕನ್ನಡ ಸಮಜತದ.”

ಮಹಿಬೂಬನ ಕೈಯಿಂದ ಇಕ್ಕಳ ಜಾರಿತು. ಧರ್ಮಣ್ಣ ತಿರುಗಿ ನೋಡಿದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ತನ್ನೂರಿನ ಬಸ್ಸು ಕಂಡವರ ಹಾಗೆ ಒಂದು ಕುತೂಹಲವಿತ್ತು.

“ನೀವು ಯಾವ ಕಡೆಯವರು?” ಎಂದಳು.

“ಅಫಜಲಪುರ ಕಡೆ. ನೀವು?”

“ಭಾಲ್ಕಿ. ಮಗರ್ ನಾ ಹುಟ್ಟಿದ್ದು ಸಂಭಾಜಿನಗರ. ಅಪ್ಪಂದು ಅಲ್ಲಿ ಭಾಂಡಿ ಅಂಗಡಿ ಅದ, ಪಾತ್ರೆಗಳದ್ದು. ನನ್ನ ಹೆಸರು ಪ್ರಿಯಂವದಾ.”

ಪ್ರಿಯಂವದಾ ಅಂದರೆ ಸವಿಮಾತಿನವಳು. ಆ ಸವಿಮಾತಿನವಳ ಕನ್ನಡ ಮೂರು ಹೆಜ್ಜೆಗೊಮ್ಮೆ ಎಡವುತ್ತಿತ್ತು. ಎಡವಿದಾಗ ಅವಳು ಕೆಳತುಟಿ ಕಚ್ಚುತ್ತಿದ್ದಳು. ಅದನ್ನು ನೋಡಬಾರದೆಂದು ಧರ್ಮಣ್ಣ ಅಂದೇ ನಿರ್ಧರಿಸಿದ. ಮರುದಿನವೇ ನೋಡಿದ.

ಆ ಜಾಗದ ಹೆಸರು ‘ದಿ ಲೇಮ್ ಹಾರ್ಸ್’. ಕುಂಟು ಕುದುರೆ. ಮಾಲೀಕ ಓಂಕಾರ ಸರ್ ಇಂಗ್ಲೆಂಡಿನಲ್ಲಿ ಕೆಲವು ವರ್ಷ ಇದ್ದು ಬಂದವರು. ಕುಡಿಯುವ ಜಾಗದಲ್ಲಿ ಊಟವನ್ನೂ ಮನಸ್ಸಿಟ್ಟು ಮಾಡಿ ಬಡಿಸಿದರೆ ಅದಕ್ಕೆ ಗ್ಯಾಸ್ಟ್ರೋಪಬ್ ಅನ್ನುತ್ತಾರೆ ಎಂದು ಅವರು ಹುಡುಗರಿಗೆಲ್ಲ ಪಾಠ ಹೇಳಿದ್ದರು. ಮಹಿಬೂಬ ಅದನ್ನು ಗ್ಯಾಸ್ ಟ್ರಬಲ್ ಪಬ್ ಅನ್ನುತ್ತಿದ್ದ. ಮರದ ಮೇಜು, ಮಂದ ದೀಪ, ಗೋಡೆಯ ಮೇಲೆ ಯಾರೂ ನೋಡದ ಊರಿನ ಮಂಜಿನ ಚಿತ್ರಗಳು. ವೈನ್ ತೋಟ ನೋಡಲು ಬಂದವರೆಲ್ಲ ಸಂಜೆಗೆ ಅಲ್ಲಿಗೇ ಬರುತ್ತಿದ್ದರು.

ಧರ್ಮಣ್ಣನಿಗೆ ಆ ಮೆನುವಿನ ಮೇಲೆ ಕೆಟ್ಟ ಸಿಟ್ಟು. ಅವನ ಅಪ್ಪ ಗಾರೆ ಕೆಲಸದವನು, ಅವ್ವ ಗುಂಡವ್ವ ಬುಟ್ಟಿ ಹೊರುವವಳು. ಸೈಟು ಬದಲಾದಾಗಲೆಲ್ಲ ಶಾಲೆ ಬದಲಾಗಿ, ಏಳನೆಯ ತರಗತಿಯ ಹೊತ್ತಿಗೆ ಬದಲಾಯಿಸಲು ಶಾಲೆಯೇ ಉಳಿಯಲಿಲ್ಲ. ಈಗ ನೋಡಿದರೆ ‘ಪ್ಲೌಮನ್ಸ್ ಲಂಚ್’ ಎಂಬ ಹೆಸರಿನಲ್ಲಿ ಒಂದು ಹಲಗೆಯ ಮೇಲೆ ಬ್ರೆಡ್ಡು, ಚೀಸು, ಉಪ್ಪಿನಕಾಯಿ, ಹಸಿ ಉಳ್ಳಾಗಡ್ಡಿ ಜೋಡಿಸಿ ಕಳಿಸಬೇಕು.

“ಹಂಗಂದ್ರ ಏನ್ರಿ?” ಅಂತ ಒಂದು ಮಧ್ಯಾಹ್ನ ಅವಳನ್ನೇ ಕೇಳಿದ.

“ನೇಗಿಲು ಹೊಡಿಯೋರ ಊಟ.”

ಧರ್ಮಣ್ಣ ಹಲಗೆಯನ್ನು ನೋಡಿದ. “ನಮ್ಮ ಕಾಕಾ ಬದುವಿನ ಮ್ಯಾಲ ಕುಂತು ಇದನ್ನೇ ತಿಂತಿದ್ದ. ರೊಟ್ಟಿ, ಉಳ್ಳಾಗಡ್ಡಿ. ಅಂವಗ ಯಾರೂ ಫೋಟೋ ಹೊಡೀಲಿಲ್ಲ. ಬಡವ ತಿಂದ್ರ ಬುತ್ತಿ, ಇವರು ತಿಂದ್ರ ಲಂಚ್.”

ಅವಳು ನಗಲಿಲ್ಲ. ಸ್ವಲ್ಪ ಯೋಚಿಸಿ, “ಅಲ್ಲಿ ಖರೇನೇ ನೇಗಿಲು ಹೊಡಿಯೋರು ಇದು ತಿಂತಿದ್ರೇನು?” ಎಂದಳು.

“ನನಗೇನ್ ಗೊತ್ತು? ಅವರು ನನಗ ಫೋನ್ ಮಾಡಿಲ್ಲ.”

ಆಗ ನಕ್ಕಳು. ಕೋಟಿನ ತೋಳಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಷ್ಟೇ ಹೊರಗಿಟ್ಟು. ಧರ್ಮಣ್ಣನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ಗೊತ್ತಾಗಲಿಲ್ಲ.

ಅಂದಿನಿಂದ ಅವರಿಬ್ಬರಲ್ಲಿ ಒಂದು ಕರಾರಾಯಿತು. ಅಡುಗೆಮನೆಯ ಬಾಗಿಲು ದಾಟಿ ಒಳಗೆ ಬಂದಮೇಲೆ ಅವಳು ಧರ್ಮಣ್ಣನ ಜೊತೆ ಬರೀ ಕನ್ನಡ ಆಡಬೇಕು. ಒಂದು ಮರಾಠಿ ಮಾತು ಬಂದರೂ ಅವಳಿಗೆ ಅಂದಿನ ಆಲೂಗಡ್ಡೆ ಚಿಪ್ಸ್ ಬಂದ್. ಬದಲಿಗೆ ಅವಳು ಮೆನುವಿನ ಹೆಸರುಗಳ ಹೊಟ್ಟೆ ಬಗೆದು ತೋರಿಸಬೇಕು. ‘ಟೋಡ್ ಇನ್ ದ ಹೋಲ್’ ಅಂದರೆ ಬಿಲದಾಗಿನ ಕಪ್ಪೆ ಎಂದಾಗ ಅವನು ಸಾಸೇಜ್ ಹಾಕಿದ ತಟ್ಟೆಯಲ್ಲಿ ನಿಜವಾಗಿಯೂ ಬಗ್ಗಿ ನೋಡಿದ. ‘ಶೆಫರ್ಡ್ಸ್ ಪೈ’ ಅಂದರೆ ಕುರಿ ಕಾಯುವವನ ಪೈ. “ಎಲ್ಲಾ ನಮ್ಮಂಥೋರ ಹೆಸರೇ ಇಟ್ಟಾರಲ್ರಿ,” ಎಂದ. “ತಿನ್ನೋರ ಹೆಸರು ಒಂದೂ ಇಲ್ಲ.”

ಅವಳು ಅವನ ಹೆಸರನ್ನು ಮಾತ್ರ ಪೂರ್ತಿ ಹೇಳುತ್ತಿರಲಿಲ್ಲ. ಧರ್ಮಾ, ಇಷ್ಟೇ.

“ಧರ್ಮಣ್ಣ ಅನ್ರಿ. ಅರ್ಧಕ್ಕ ಯಾಕ ಕತ್ತರಸ್ತೀರಿ?”

“ಅಣ್ಣ ಅನ್ನಲಿಕ್ಕ ಮನಿಯೊಳಗ ಒಬ್ಬ ಇದ್ದಾನ,” ಎಂದು ಅವಳು ಬಾಗಿಲು ತಳ್ಳಿಕೊಂಡು ಹೋದಳು. ಬಾಗಿಲು ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಧರ್ಮಣ್ಣ ಅದು ನಿಲ್ಲುವ ತನಕ ಅಲ್ಲೇ ನಿಂತಿದ್ದ. ಮಹಿಬೂಬ ಅವನ ಕೈಯಿಂದ ಸೌಟು ತೆಗೆದುಕೊಂಡು, “ಗ್ರೇವಿ ತಳ ಹತ್ಲತ್ತದ ದೋಸ್ತ, ನೀ ಆಮ್ಯಾಲ ಹತ್ಕೋ,” ಎಂದ.

ಮಳೆಗಾಲ ಶುರುವಾಗುವಾಗ ಸಂಭಾಜಿನಗರದಲ್ಲಿ, ಚಿಕಲಠಾಣಾ ಕಡೆಗೆ, ಎರಡನೆಯ ಲೇಮ್ ಹಾರ್ಸ್ ತೆರೆಯುವುದು ಪಕ್ಕಾ ಆಯಿತು. ಅಲ್ಲಿಯ ಊರು ಬಲ್ಲವಳೆಂದು ಪ್ರಿಯಂವದಾಳನ್ನೇ ಕಟ್ಟಡದ ಕೆಲಸದಿಂದ ಹಿಡಿದು ಎಲ್ಲ ನೋಡಿಕೊಳ್ಳಲು ಕಳಿಸಿದರು.

ಹೊರಡುವ ಮಧ್ಯಾಹ್ನ ಅವಳು ಅಡುಗೆಮನೆಗೆ ಬಂದಳು. ಎಕ್ಸಾಸ್ಟ್ ಫ್ಯಾನು ಮಿಕ್ಸರ್ ಲಾರಿಯ ಹಾಗೆ ಗದ್ದಲ ಮಾಡುತ್ತಿತ್ತು. ಹೊರಗೆ ಕಾರಿನವನು ಹಾರ್ನ್ ಹಾಕುತ್ತಿದ್ದ. ಧರ್ಮಣ್ಣ ಹಿಟ್ಟಿನ ಕೈ ಏಪ್ರನ್ನಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

“ನೀವು ಹೋದ್ರ ನನಗ ಇಲ್ಲಿ ಮನಸ್ಸು ಹತ್ತಂಗಿಲ್ಲರಿ,” ಎಂದ ಕೊನೆಗೆ. “ನನಗ ನೀವು ಬೇಕು.”

ಅವಳು ಬಾಗಿಲಲ್ಲಿ ತಿರುಗಿ ನಿಂತಳು. ಹುಬ್ಬು ಮೇಲೆ ಹೋಯಿತು. ತುಟಿ ಅರಳಿತು.

“ಕಾಯ್,” ಎಂದಳು.

ಮತ್ತೆ ಹಾರ್ನ್ ಬಂತು. ಧರ್ಮಣ್ಣ ಮುಖವೆಲ್ಲ ನಗುವಾಗಿ ತಲೆಯಾಡಿಸಿದ. ಅವಳೂ ಏನೋ ಗೊಂದಲದಲ್ಲಿ ತಲೆಯಾಡಿಸಿ ಹೋದಳು.

ಕಾಯ್. ಕಾಯ್ರಿ ಅಲ್ಲ, ಕಾಯ್. ಇಷ್ಟು ದಿನ ಏನ್ರಿ, ಬರ್ರಿ, ಕೊಡ್ರಿ ಎಂದವಳು ಆ ಒಂದು ಮಾತಿನಲ್ಲಿ ‘ರಿ’ ಬಿಟ್ಟಿದ್ದಳು. ಹೆಂಗಸು ಗಂಡಸಿಗೆ ‘ರಿ’ ಯಾವಾಗ ಬಿಡುತ್ತಾಳೆ ಎಂಬುದು ಧರ್ಮಣ್ಣನಿಗೆ ಗೊತ್ತಿತ್ತು. ಒಂದೋ ಜಗಳದಲ್ಲಿ, ಇಲ್ಲವೋ ಇದರಲ್ಲಿ.

ಅವನು ಕಾದ. ಕಾಯುವುದು ಅವನಿಗೆ ಒಗ್ಗದ ಕೆಲಸ. ಬಸ್ಸಿಗೆ ಕಾಯುವಾಗಲೂ ಬಸ್ಸಿನವರ ವಂಶ ಜಾಲಾಡುವ ಗಿರಾಕಿ. ಆದರೂ ಕಾದ. ಫೋನ್ ಮಾಡಲಿಲ್ಲ, ಕಾಯ್ ಅಂದವಳನ್ನು ಕಾಡಬಾರದು ಎಂಬ ಮರ್ಯಾದೆ. ಆರಂಭದಲ್ಲಿ ಅವಳೇ ಮೆಸೇಜು ಹಾಕುತ್ತಿದ್ದಳು, ಏನು ನಡೆದಿದೆ ಎಂದು. ಅವನು ಪ್ರತಿಸಲ ಒಂದೇ ಉತ್ತರ ಬರೆಯುತ್ತಿದ್ದ: ಕಾಯ್ಲತ್ತೀನಿ. ಬರಬರುತ್ತ ಅವಳ ಮೆಸೇಜು ನಿಂತವು. ಆಗಲೂ ಅವನು ಅಂದುಕೊಂಡದ್ದು, ಹೊಸ ಕೆಲಸ, ಮನೆಯವರ ಮನಸ್ಸು ಒಲಿಸುತ್ತಿರಬೇಕು.

ಅಷ್ಟರಲ್ಲಿ ಮಹಿಬೂಬ ಪುಣೆಯ ಒಂದು ದೊಡ್ಡ ಹೋಟೆಲಿಗೆ ಸೇರಿದ್ದ. ಬೇಕರಿಯ ಇಡೀ ಸೆಕ್ಷನ್ ಧರ್ಮಣ್ಣನ ಕೈಗೆ ಕೊಡಿಸುತ್ತೇನೆ ಎಂದು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದ. ಚಳಿಗಾಲದ ಒಂದು ದಿನ ಅವನಿಗೂ ಸಾಕಾಯಿತು.

“ಭಾನುವಾರ ಸಂಜಿ ತನಕ ಹೇಳು. ಇಲ್ಲಂದ್ರ ಬ್ಯಾರೆಯವರನ್ನ ತಗೋತಾರ. ಯಾರು ನಿನಗ ಕಾಯ್ ಅಂದಾರ?”

“ಅಂದಾರ ಒಬ್ಬರು,” ಎಂದ ಧರ್ಮಣ್ಣ.

ಆ ಭಾನುವಾರವೇ ಸಂಭಾಜಿನಗರದ ಪಬ್ಬಿನ ಮೊದಲ ಮಧ್ಯಾಹ್ನದ ಊಟ. ಅಲ್ಲಿಯವರಿಗೆ ಪೈ, ಪುಡಿಂಗ್ ಕೈಹಿಡಿಸಿ ಬಾ ಎಂದು ಓಂಕಾರ ಸರ್ ಧರ್ಮಣ್ಣನನ್ನು ಕಳಿಸಿದರು. ಬಸ್ಸು ಯೇವಲಾದಲ್ಲಿ ಚಹಾಕ್ಕೆ ನಿಂತಾಗ ಅವನು ಎದುರಿನ ಅಂಗಡಿಯ ಪೈಠಣಿ ಸೀರೆಗಳನ್ನು ನೋಡಿದ. ಸೆರಗಿನ ನವಿಲು ಯಾವ ಬಣ್ಣದ್ದಾದರೆ ಅವಳಿಗೆ ಒಪ್ಪುತ್ತದೆ ಎಂದು ಯೋಚಿಸುತ್ತಿದ್ದಂತೆ ಚಹಾ ಆರಿಹೋಯಿತು.

ಹೊಸ ಅಡುಗೆಮನೆಯಲ್ಲಿ ಅವಳು ಎದುರಾದಳು. “ಆಲಾತ್? ಬರಂ ಝಾಲಂ,” ಎಂದಳು. ಬಂದಿರಾ, ಒಳ್ಳೆಯದಾಯಿತು. ಅಷ್ಟೇ, ಅದೂ ಮರಾಠಿಯಲ್ಲಿ. ಅಡುಗೆಮನೆಯ ಒಳಗೆ ನಿಂತು ಮರಾಠಿ.

ಧರ್ಮಣ್ಣ ಹಿಟ್ಟು ನಾದಿದ. ನಾದಿದ ಅನ್ನುವುದಕ್ಕಿಂತ ಬಡಿದ. ಅವಳ ಮನೆಯವರು ಊಟಕ್ಕೆ ಬರುತ್ತಾರೆ, ಶಾಕಾಹಾರಿಗಳು ಎಂದು ಯಾರೋ ಹೇಳಿದರು. ಅವರಿಗೆಂದು ಬೇರೆಯಾಗಿ, ಹಿಟ್ಟಿನೊಳಗೆ ತುಂಬಿ ಮುಚ್ಚಿದ ಈರುಳ್ಳಿ ಚೀಸಿನ ಪೈ ಮಾಡಿ, ಮೇಲೆ ಮೊಟ್ಟೆ ಬಳಿಯುವ ಕಡೆ ಹಾಲು ಬಳಿದು ಒವನ್ನಿಗಿಟ್ಟ. ಕೈ ಖಾಲಿಯಾಯಿತು. ಇನ್ನು ತಡೆಯಲಾಗಲಿಲ್ಲ.

“ಇನ್ನಾ ಎಷ್ಟು ದಿನ ಕಾಯಬೇಕ್ರಿ?” ಎಂದು ಕೇಳಿಯೇಬಿಟ್ಟ.

ಅವಳು ಒವನ್ನಿನ ಗಡಿಯಾರ ನೋಡಿದಳು. “ಪೈ?”

“ಪೈ ಅಲ್ಲ. ನಾನು.”

“ನೀವು ಯಾಕ ಕಾಯ್ಲತ್ತೀರಿ?”

“ನೀವೇ ಅಂದ್ರಲ್ಲ. ನಾಸಿಕದಾಗ, ಹೊಂಟಾಗ. ನಾ ನೀವು ಬೇಕು ಅಂದೆ. ನೀವು ಕಾಯ್ ಅಂದ್ರಿ.”

ಪ್ರಿಯಂವದಾ ಆ ಮಧ್ಯಾಹ್ನವನ್ನು ಹಿಂದಕ್ಕೆ ಓಡಿಸಿ ನೋಡಿದಳು. ನಿಧಾನವಾಗಿ ಅವಳ ಕೈ ಹಣೆಗೆ ಹೋಯಿತು.

“ನನಗ ಕೇಳಿಸಿರಲಿಲ್ಲ,” ಎಂದಳು. “ಫ್ಯಾನ್ ಇತ್ತು. ನಾ ಕಾಯ್ ಅಂತ ಕೇಳಿದ್ದು ಮರಾಠಿದಾಗ. ಏನಂದ್ರಿ ಅಂತ.”

ಧರ್ಮಣ್ಣನ ಕಿವಿ ಕೆಂಪಾಯಿತು. ಊರೆಲ್ಲ ದಿನಕ್ಕೆ ನೂರು ಸಲ ಅನ್ನುವ ಮಾತು. ಅವನೂ ಅನ್ನುವ ಮಾತು. ಅಡುಗೆಮನೆಯೊಳಗೆ ಅವಳ ಬಾಯಿಂದ ಕನ್ನಡವನ್ನಷ್ಟೇ ಕೇಳಿ ಕೇಳಿ, ಅದನ್ನೂ ಕನ್ನಡವೆಂದೇ ಹಿಡಿದು ಮಳೆಗಾಲ ಕಳೆದಿದ್ದ, ಚಳಿಗಾಲಕ್ಕೆ ಬಂದಿದ್ದ.

“ಮತ್ತ ನಾ ಪ್ರತಿ ಸಲ ಬರೀತಿದ್ನಲ್ಲ, ಕಾಯ್ಲತ್ತೀನಿ ಅಂತ?”

“ಎಣ್ಣಿ ಕಾಯ್ಲತ್ತದ ಅಂದ್ಕೊಂಡೆ,” ಎಂದಳು, ನಗುವೋ ಅಳುವೋ ತಿಳಿಯದ ಹಾಗೆ. “ಯಾವಾಗ ಕೇಳಿದ್ರೂ ಎಣ್ಣಿ. ಈ ಮನುಷ್ಯಗ ನನ್ನಕಿಂತಾ ಕಡಾಯಿನೇ ಹೆಚ್ಚು ಅಂತ ನಾ ಬಿಟ್ಟೆ.”

ಅವನು ಏಪ್ರನ್ ಬಿಚ್ಚಿ ಕಟ್ಟೆಯ ಮೇಲೆ ಎಸೆದ. “ತಪ್ಪು ನಂದೇರಿ. ಸಾಲಿ ಕಲೀದಾಂವ, ಹಿಂಗೇ ತಿಳ್ಕೋತಾನ. ಪುಣೆದವರಿಗೆ ಸಂಜಿ ತನಕ ಉತ್ತರ ಕೊಡೋದದ. ಹೊಂಟೆ.”

“ಸಾಲಿ ಯಾಕ ನಡುವ ತರ್ತೀರಿ?” ಅವಳಿಗೂ ಸಿಟ್ಟು ಬಂತು. “ಇಷ್ಟು ದಿನ ಒಂದು ಫೋನ್ ಮಾಡಿ ಕೇಳಲಿಕ್ಕ ಯಾವ ಸಾಲಿ ಬೇಕಿತ್ತು? ನಾ ಅವತ್ತು ಒಂದು ಮಾತು ಕೇಳೀನಿ. ಅದಕ್ಕ ನನಗ ಇನ್ನಾ ಉತ್ತರ ಸಿಕ್ಕಿಲ್ಲ.”

ಸರಸರ ನಡೆದು ಹೋಗಿ ಎಕ್ಸಾಸ್ಟಿನ ಸ್ವಿಚ್ ಆರಿಸಿದಳು. ಅಡುಗೆಮನೆ ಒಮ್ಮೆಲೇ ಮೂಕವಾಯಿತು. ಉಳ್ಳಾಗಡ್ಡಿ ಹೆಚ್ಚುತ್ತಿದ್ದವರ ಕೈ ನಿಂತಿತು. ಎಲ್ಲರೂ ಇವರನ್ನೇ ನೋಡಿದರು. ಹೊಗೆ ಮೇಲೆ ಹೋಗದೆ ಒಲೆಯ ಮೇಲೆಯೇ ತೂಗಿತು.

ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಅದೊಂದೇ ಧರ್ಮಣ್ಣನಿಗೆ ಉಳಿದಿದ್ದ ಮರೆ.

“ನನಗ ನೀ ಬೇಕು,” ಎಂದ. “ನೀವು ಅಂತೀನಿ ಅಂದ್ಕೊಂಡಿದ್ದೆ, ನೀ ಅಂತ ಬಂತು. ಬಂದದ್ದು ಬಂತು.”

ಅವಳು ಅವನನ್ನು ನೋಡುತ್ತಲೇ ಇದ್ದಳು. ಕೆಳತುಟಿ ಕಚ್ಚಿಕೊಂಡಳು, ಮಾತು ಹುಡುಕುವ ಮೊದಲು ಯಾವಾಗಲೂ ಮಾಡುವ ಹಾಗೆ. ಸಿಕ್ಕಿತು.

“ಪುಣೆಕ್ಕ ಹೂಂ ಅನ್ನು,” ಎಂದಳು. “ಪುಣೆ ಏನು ಇಂಗ್ಲೆಂಡಾ? ನೀ ಹೋಗಿ ಕೆಲಸಕ್ಕ ನಿಂದ್ರು. ನಾ ಕಾಯ್ತೀನಿ. ಈ ಸಲ ಕನ್ನಡದಾಗ ಹೇಳ್ಲತ್ತೀನಿ.”

ಫ್ಯಾನ್ ಹಾಕಿ ಎಂದು ಯಾರೋ ಕೆಮ್ಮುತ್ತ ಕೂಗಿದರು. ಧರ್ಮಣ್ಣ ಸ್ವಿಚ್ ಒತ್ತಿದ. ಪುಣೆಗೆ ಫೋನ್ ಮಾಡಿ, “ಬರ್ತೀನಿ,” ಎಂದಷ್ಟೇ ಹೇಳಿದ. ಆಮೇಲೆ ಪೈ ಹೊರತೆಗೆದ. ಬಂಗಾರದ ಬಣ್ಣ ಬಂದಿತ್ತು.

“ಇದು ನಮ್ಮ ಟೇಬಲ್ಲಿಗೆ,” ಎಂದಳು ಪ್ರಿಯಂವದಾ. “ನೀನೇ ತಗೊಂಡು ಬಾ.”

ಕಿಟಕಿಯ ಪಕ್ಕದ ಮೇಜಿನಲ್ಲಿ ಅವಳ ಅಪ್ಪ ವಿಶ್ವನಾಥಪ್ಪ, ಪಕ್ಕದಲ್ಲಿ ಅಜ್ಜಿ ಸುಶೀಲಾಬಾಯಿ. ಅಜ್ಜಿ ತಲೆಮೇಲೆ ಸೆರಗು ಹೊದ್ದು, ಹಣೆಗೆ ವಿಭೂತಿ ಹಚ್ಚಿ, ಬಾರಿನ ಕಡೆಗೆ ಬೆನ್ನು ಮಾಡಿ ಕುಳಿತಿದ್ದರು. ಧರ್ಮಣ್ಣ ಪೈ ಇಟ್ಟ. ಅಜ್ಜಿ ಅದನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು.

“ಇದೇನಪ್ಪಾ, ದಪ್ಪ ಕಡಬು?”

“ಕಡಬಿನ ದೊಡ್ಡಪ್ಪ ಅನ್ರಿ ಅಜ್ಜಿ. ಒಳಗ ಉಳ್ಳಾಗಡ್ಡಿ ಅದ. ಮೊಟ್ಟಿ ಹಚ್ಚಿಲ್ಲ, ಹಾಲು ಹಚ್ಚೀನಿ.”

ಕನ್ನಡ ಕೇಳಿ ಅಜ್ಜಿ ತಲೆಯೆತ್ತಿದರು. ಅವನ ಮುಖ ನೋಡಿದರು, ಹಿಟ್ಟು ಮೆತ್ತಿದ ಮೊಣಕೈ ನೋಡಿದರು, ಪಕ್ಕದಲ್ಲಿ ಬೇಕಾದ್ದಕ್ಕಿಂತ ಹತ್ತಿರ ನಿಂತಿದ್ದ ಮೊಮ್ಮಗಳನ್ನು ನೋಡಿದರು.

“ಯಾರವ್ವಾ ಇಂವ?”

ಪ್ರಿಯಂವದಾ ಅಪ್ಪನನ್ನು ನೋಡಿದಳು. ಅಪ್ಪ ಚಮಚ ಹಿಡಿದವರು ಹಾಗೇ ನಿಲ್ಲಿಸಿದ್ದರು. ಅವಳು ಕಣ್ಣು ತಗ್ಗಿಸಲಿಲ್ಲ.

“ಇಂವ ನನ್ನದು,” ಎಂದಳು.

ಅಜ್ಜಿ ಪೈಯ ಒಂದು ತುಂಡು ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದರು.

“ನನ್ನದು ಅನ್ನೋದು ಭಾಂಡಿಗೆ,” ಎಂದರು. “ಮನುಷ್ಯಾಗ ಹಂಗ ಅನ್ನಂಗಿಲ್ಲ. ನನ್ನಾಂವ. ಸರಿಯಾಗಿ ಅನ್ನು.”