ಬಾಗಿಲಿಗೆ ಮುಖ ಮಾಡಿದ ಶೂಗಳು

ಇದನ್ನು ಹುಬ್ಬಳ್ಳಿಯಲ್ಲಿರುವ ಅಮ್ಮಿಗೆ ಇನ್ನೂ ಹೇಳಿಲ್ಲ. ಹೇಳಿದರೆ, "ಓದಿದ್ದು ಸಾಕು, ವಾಪಸ್ ಬಾ ಬೇಟಿ" ಅಂದುಬಿಡುತ್ತಾಳೆ.

ಓದಲೆಂದು ಲೀಡ್ಸ್‌ಗೆ ಬಂದ ನನಗೆ ಬಾಡಿಗೆ ಮನೆಯಲ್ಲಿ ಜೊತೆಯಾದವಳು ಜಪಾನಿನ ಮಿಸಾಕಿ. ಇರುವುದು ನಾವಿಬ್ಬರೇ. ಶೂ ಹಾಕಿಕೊಂಡು ಒಳಗೆ ಓಡಾಡುವುದು ಇಬ್ಬರಿಗೂ ಆಗದು. ಬಾಗಿಲ ಬಳಿಯೇ ಬಿಡುತ್ತಿದ್ದೆವು. ನಾನು ಹೇಗೆ ಎಸೆದು ಬಂದರೂ ಸ್ವಲ್ಪ ಹೊತ್ತಿಗೆ ನನ್ನವು ಒಪ್ಪವಾಗಿ ಜೋಡಿಯಾಗಿ, ಹೊರಡಲು ಅನುವಾಗುವಂತೆ ಬಾಗಿಲಿಗೆ ಮುಖ ಮಾಡಿರುತ್ತಿದ್ದವು. ಅದು ಅವಳ ದೇಶದ ಪದ್ಧತಿ ಎಂದು ಗೊತ್ತಿತ್ತು.

ನವೆಂಬರಿನ ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ಅವಳಿಗೆ ಥ್ಯಾಂಕ್ಸ್ ಹೇಳಿದೆ.

ಮಿಸಾಕಿ ಕಪ್ ಕೆಳಗಿಟ್ಟಳು. "ಬೇರೆಯವರ ಶೂ ನಾನು ಮುಟ್ಟಲ್ಲ ಸಮ್ರಾ. ನನ್ನ ನೋಡಿ ನೀನೂ ಕಲಿತೆ ಅಂದ್ಕೊಂಡಿದ್ದೆ."

ಇಬ್ಬರೂ ಎದ್ದು ಬಾಗಿಲಿಗೆ ಹೋದೆವು. ಅವಳ ಶೂಗಳು ಹೊರಕ್ಕೇ ತಿರುಗಿದ್ದವು. ನನ್ನವು ಮಾತ್ರ ಈ ಸಲ ಮನೆಯ ಒಳಕ್ಕೆ ಮುಖ ಮಾಡಿದ್ದವು. ಕೈ ಹಾಕಿ ನೋಡಿದರೆ, ಬೆಳಿಗ್ಗೆಯಿಂದ ನಾನು ಹಾಕಿರದಿದ್ದರೂ, ಆ ಚಳಿಯಲ್ಲೂ, ಯಾರೋ ಈಗಷ್ಟೇ ಕಾಲು ತೆಗೆದ ಹಾಗೆ ಒಳಗೆ ಬೆಚ್ಚಗಿತ್ತು.

ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇರಬೇಕು. ಈಗ ಶೂಗಳನ್ನು ನನ್ನ ಕೋಣೆಯಲ್ಲೇ, ಬಾಗಿಲಿಗೆ ತಿರುಗಿಸಿಟ್ಟು, ಚಿಲಕ ಹಾಕಿ ಮಲಗುತ್ತೇನೆ. ಬೆಳಿಗ್ಗೆ ಅವು ಮಂಚದ ಕಡೆ ತಿರುಗಿರುತ್ತವೆ.